ಬೆಟ್ಟದ ಬದಿ, ಕಡಲ ಬದಿ

ಪ್ರೀತಿಯ ಗೆಳತಿ,

ನಿಮ್ಮ ಕಾಗದ ಬಂತು. ಮಗನ ಮನೆಗೆಂದು ಒಸಾಕಾಕ್ಕೆ ಹೊರಟಿದ್ದೀರಿ, ಒಂದು ದಿನ ಬಿಡುವಿದೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ ಅಂದಿದ್ದೀರಿ. ಹಾಗಾದರೆ ಕೋಬೆಗೆ ಹೋಗಿ. ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ರೊಕ್ಕೊ ಬೆಟ್ಟಸಾಲಿಗೂ ಕಡಲಿಗೂ ನಡುವೆ ಉಳಿದ ಕಿರಿದಾದ ನೆಲದಲ್ಲಿ ಊರು ಕೂತಿದೆ. ಮೇಲಿನಿಂದ ಶುರುಮಾಡಿದರೆ ದಿನವಿಡೀ ಇಳಿಯುವುದೇ ಕೆಲಸ. ಇಳಿಯುವುದೂ ಮಂಡಿಗೆ ಕಷ್ಟವೇ ಎನ್ನಬೇಡಿ. ಯಾರೂ ಅವಸರ ಮಾಡುವುದಿಲ್ಲ.

ನಮ್ಮೂರಲ್ಲಿ ದಾರಿ ಕೇಳಿದರೆ ‘ಪಡು ಬದಿಗೆ ಹೋಗಿ’, ‘ಮೂಡು ಬದಿಗೆ ಹೋಗಿ’ ಅನ್ನುತ್ತಾರಲ್ಲ, ಕೋಬೆಯವರು ಯಾಮಾಗಾವಾ, ಉಮಿಗಾವಾ ಅನ್ನುತ್ತಾರೆ. ಬೆಟ್ಟದ ಬದಿ, ಕಡಲ ಬದಿ. ನಕ್ಷೆ ಮಡಚಿಟ್ಟೆ.

ಶಿನ್-ಕೋಬೆ ಸ್ಟೇಷನ್ನಿನ ಹಿಂದಿನಿಂದಲೇ ನುನೊಬಿಕಿ ಜಲಪಾತಕ್ಕೆ ಕಾಲುದಾರಿಯಿದೆ. ಬುಲೆಟ್ ರೈಲು ಇಳಿದ ಕಾಲಿಗೆ ಕಾಡು! ಮೆಟ್ಟಿಲು ಹತ್ತಬೇಕು, ಮಂಡಿ ಒಪ್ಪದಿದ್ದರೆ ಬಿಡಿ.

ಕಿತಾನೊವನ್ನು ಮಾತ್ರ ಬಿಡಬೇಡಿ. 1868ರಲ್ಲಿ ಬಂದರು ಪರದೇಶದವರಿಗೆ ತೆರೆದ ಮೇಲೆ ಬಂದ ವ್ಯಾಪಾರಿಗಳಲ್ಲಿ ಅನೇಕರು ಹಡಗು ಕಾಣುವ ಈ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡರು. ಈಗ ನೋಡಲು ತೆರೆದಿಟ್ಟ ಮನೆಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ ಇದೆ. ನೆತ್ತಿಯ ಮೇಲೆ ಗಾಳಿಕೋಳಿ ನಿಲ್ಲಿಸಿದ, 1909ರ ಕೆಂಪು ಇಟ್ಟಿಗೆಯ ಮನೆಯೊಂದನ್ನು ನೋಡಿದರೆ ಸಾಕು. ನನ್ನನ್ನು ನಿಲ್ಲಿಸಿದ್ದು ಅದಲ್ಲ, ಒಂದು ಗಲ್ಲಿಯಲ್ಲಿ ಎದುರಾದ ಬಿಳಿ ಅಮೃತಶಿಲೆಯ ಜೈನ ಮಂದಿರ. ಮುತ್ತಿನ ವ್ಯಾಪಾರಕ್ಕೆ ಬಂದು ನೆಲೆಸಿದ ಜೈನರು 1985ರಲ್ಲಿ ಕಟ್ಟಿಸಿದ್ದು. ಮೂಡುಬಿದಿರೆಯ ಕರಿಕಲ್ಲಿನ ಬಸದಿ ನೋಡಿ ಬೆಳೆದ ಕಣ್ಣಿಗೆ ಅದರ ಬಿಳುಪು ತುಸು ಜಾಸ್ತಿಯೇ ಅನಿಸಿತು. 1923ರ ಭೂಕಂಪ ಯೊಕೊಹಾಮಾವನ್ನು ಕೆಡವಿದಾಗ ಅಲ್ಲಿದ್ದ ಭಾರತದ ವ್ಯಾಪಾರಿಗಳು ಅನೇಕರು ಇತ್ತ ಬಂದರಂತೆ. ತುಸು ಕೆಳಗೆ ಮಸೀದಿ. 1935ರದು, ಜಪಾನಿನಲ್ಲೇ ಮೊದಲನೆಯದು. 1945ರ ಬಾಂಬು ದಾಳಿಯಲ್ಲಿ ಸುತ್ತಲಿನದೆಲ್ಲ ಸುಟ್ಟುಹೋದರೂ ಅದು ನಿಂತಿತು. 1995ರ ಭೂಕಂಪದಲ್ಲೂ ನಿಂತಿತು.

ಅಲ್ಲಿಂದ ಟೋರ್ ರಸ್ತೆ ಹಿಡಿದು ಇಳಿಯಿರಿ. ನಾನ್‌ಕಿನ್‌ಮಾಚಿ ಎಂಬ ಚೀನೀ ಪೇಟೆಯಲ್ಲಿ ಹಬೆಯಾಡುವ ಬನ್ನುಗಳ ಘಮ ಮೂಗಿಗೆ ಬಡಿಯುತ್ತದೆ. ಒಳಗಿರುವುದು ಹಂದಿಮಾಂಸ, ನೀವು ಸುಮ್ಮನೆ ದಾಟಿ. ಬ್ರೆಡ್ಡಿಗೆ ಈ ಊರು ಹೆಸರುವಾಸಿ, ಯಾವ ಬೇಕರಿಗೆ ಹೊಕ್ಕರೂ ಹೊಟ್ಟೆಗೆ ಮೋಸವಿಲ್ಲ.

ಕೊನೆಗೆ ಮೆರಿಕೆನ್ ಪಾರ್ಕ್. ‘ಅಮೆರಿಕನ್’ ಎಂಬುದು ಜಪಾನಿ ಕಿವಿಗೆ ಹಾಗೆ ಕೇಳಿಸಿತು, ಹಾಗೇ ಉಳಿಯಿತು. ಕೆಂಪು ಬಂದರು ಗೋಪುರದ ಎದುರು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ನೀರಿನಂಚಿಗೆ ಹೋಗಿ. 1995ರ ಜನವರಿ 17ರ ಬೆಳಗಿನ 5.46ಕ್ಕೆ ಕುಸಿದ ಧಕ್ಕೆಯ ಸುಮಾರು 60 ಮೀಟರನ್ನು ದುರಸ್ತಿ ಮಾಡದೆ ಹಾಗೇ ಬಿಟ್ಟಿದ್ದಾರೆ. ಒಡೆದ ಕಾಂಕ್ರೀಟು, ವಾಲಿದ ದೀಪದ ಕಂಬಗಳು, ನಡುವೆ ಹಸಿರು ನೀರು. ಆ ಭೂಕಂಪದಲ್ಲಿ ಸತ್ತವರು 6,434 ಜನ. ಪಕ್ಕದ ಬೆಂಚಿನಲ್ಲಿ ಅಜ್ಜನೊಬ್ಬ ಬುತ್ತಿ ಬಿಚ್ಚಿ ಉಣ್ಣುತ್ತಿದ್ದ.

ನಾನೂ ಅಲ್ಲೇ ಕೂತೆ, ಸೂರ್ಯ ನೀರಿಗಿಳಿಯುವುದನ್ನು ಕಾಯುತ್ತ. ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು. ಅಂದರೆ ಎದುರಿಗಿರುವುದು ಪಡುವಣ ಎಂದೇ ನನ್ನ ಕರಾವಳಿ ಬುದ್ಧಿ ನಂಬಿತ್ತು. ಕೋಬೆಯ ಕಡಲು ತೆಂಕಲಿಗೆ. ಸೂರ್ಯ ಬಲಗಡೆ, ಕಟ್ಟಡಗಳ ಹಿಂದೆ, ನನಗೆ ಹೇಳದೆಯೇ ಮುಳುಗಿದ್ದ.

ಹೋಗಿ ಬಂದು ಬರೆಯಿರಿ.

ನಿಮ್ಮ ಗೆಳತಿ