ಒಂದು ಚಿಟಿಕೆ ಕೋಬಾಲ್ಟ್

ಅವ್ವ ಹಾಲಿಗೆ ಹೆಪ್ಪು ಹಾಕೋದು ಒಂದೇ ಚಮಚ. ಬೆಳಗಾದ್ರೆ ಪಾತ್ರೆ ತುಂಬಾ ಮೊಸರು. ಡೋಪಿಂಗ್ ಅಂದ್ರೇನೋ ಅಂತ ಕೇಳಿದ್ದಕ್ಕೆ ಚಿಕ್ಕಪ್ಪನ ಮಗ ಕೊಟ್ಟ ಉದಾಹರಣೆ ಇದು.

ಅವನ ಪಿಎಚ್‌ಡಿ ಸತುವಿನ ಆಕ್ಸೈಡ್ ಮೇಲೆ. ಗಾಜಿನ ಮೇಲೆ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಪದರ. ಬೆಳಕು ಆರಪಾರ ಹೋಗುತ್ತೆ, ಅತಿನೇರಳೆ ಕಿರಣವನ್ನಷ್ಟೇ ಹೀರಿಕೊಳ್ಳುತ್ತೆ. ನೂರು ಸತುವಿನ ಪರಮಾಣುವಲ್ಲಿ ಐದನ್ನು ತೆಗೆದು ಕೋಬಾಲ್ಟ್ ಕೂರಿಸಿದ್ರೆ ತಿಳಿಹಸಿರು. ಇಂಥ ಅರೆವಾಹಕಗಳು ಕೋಣೆಯ ಬಿಸಿಯಲ್ಲೂ ಅಯಸ್ಕಾಂತ ಆಗಬಹುದು ಅಂತ 2000ರಲ್ಲಿ ಡೀಟ್ಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದ ಮೇಲೆ ಎಷ್ಟೋ ಲ್ಯಾಬುಗಳು ಅದರ ಹಿಂದೆ ಬಿದ್ದವು. ಇವನೂ ಬಿದ್ದ.

ಒಂದು ರಾತ್ರಿ ಫೋನು. "ಅಣ್ಣಾ, ಬಂತು! ಗ್ರಾಫಲ್ಲಿ ಕುಣಿಕೆ ಕಾಣ್ತಿದೆ!"

ಮೂರು ತಿಂಗಳಾದ ಮೇಲೆ ಮತ್ತೆ ಫೋನು, ದನಿ ಸಣ್ಣಗಿತ್ತು. ಪದರವೇ ಇಲ್ಲದ ಬರೀ ಗಾಜನ್ನು ಅಳೆದು ನೋಡಿದ್ನಂತೆ. ಅದರಲ್ಲೂ ಅದೇ ಕುಣಿಕೆ. ಗಾಜು ಹಿಡಿಯೋ ಸ್ಟೀಲ್ ಚಿಮುಟದಿಂದ ಅಂಟಿದ ಕಬ್ಬಿಣದ ಕಣ! ಪ್ಲಾಸ್ಟಿಕ್ ಚಿಮುಟ ಹಿಡಿದ, ಕುಣಿಕೆ ಮಾಯ. ಹಸಿರು ಮಾತ್ರ ಉಳೀತು.

"ಯಾರಿಗೆ ಗೊತ್ತಾಗುತ್ತೆ ಬಿಡೋ, ಪೇಪರ್ ಕಳಿಸು" ಅಂದೆ.

"ನಂಗೆ ಗೊತ್ತಾಗಿದೆಯಲ್ಲಣ್ಣ."

ಎರಡು ವರ್ಷದ ಕೆಲಸ ಅದು. ಈಗ ಹಸಿರಿನ ಬಗ್ಗೆ ಬರೀತಿದ್ದಾನೆ. ಕೋಬಾಲ್ಟ್ ಸತುವಿನ ಜಾಗದಲ್ಲೇ ಕೂತಿದೆ ಅನ್ನೋದಕ್ಕೆ ಆ ಬಣ್ಣವೇ ಸಾಕ್ಷಿಯಂತೆ.

ಆ ವಾರ ನಾನೊಂದು ಟೆಸ್ಟನ್ನು ಪಾಸ್ ಅಂತ ಗುರುತು ಹಾಕಿದ್ದೆ. ನಾಲ್ಕು ಸಲ ಓಡಿಸಿದ್ರೆ ಮೂರು ಸಲ ಪಾಸಾಗ್ತಿತ್ತು, ಅಷ್ಟೆ. ಮಾರನೇ ದಿನ ಆಫೀಸಿಗೆ ಹೋದವನೇ ಆ ಬಗ್ ಮತ್ತೆ ತೆರೆದೆ. ರಿಲೀಸ್ ಒಂದು ವಾರ ಮುಂದೆ ಹೋಯ್ತು. ಮ್ಯಾನೇಜರ್ ಬೈದ್ರು.