ಸಿಂಬೆ

ಭಾನುವಾರ ಕೆರೆಯಿಂದ ಆಗಷ್ಟೇ ಹಿಡಿದ ಜಿಲೇಬಿ ಮೀನು ಮನೆಗೆ ಬರುತ್ತದೆ. ಮೀನು ಅಡುಗೆಮನೆಗೆ, ಬೆನ್ನಿನ ಕಡೆಯ ಒಂದೆರಡು ಹುರುಪೆ ನನ್ನ ಮೇಜಿಗೆ. ಗಾಜಿನ ಮೇಲೆ ಹುರುಪೆಯಿಟ್ಟು, ಸಲೈನ್ ಹನಿಸಿ, ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಾಣುವುದು ಕಪ್ಪು ನಕ್ಷತ್ರಗಳು. ಒಂದೊಂದೂ ಒಂದು ಬಣ್ಣದ ಕೋಶ, ಮೆಲನೊಫೋರ್. ಕೊಂಬೆಯೊಡೆದ ತೋಳುಗಳ ತುದಿಯವರೆಗೂ ಮೆಲನಿನ್ ಕಾಳುಗಳು. ಒಂದು ಕಾಳು ಒಂದು ಮೈಕ್ರಾನಿಗಿಂತ ಚಿಕ್ಕದು. ಅಡ್ರಿನಲಿನ್ ಒಂದು ತೊಟ್ಟು ಬಿಡುತ್ತೇನೆ. ಮೊದಲು ತೋಳುಗಳ ತುದಿ ಬರಿದಾಗುತ್ತದೆ. ಕಾಳುಗಳು ಸಾಲುಗಟ್ಟಿ ಒಳಗೆ ನಡೆಯುತ್ತವೆ. ಕೆಲವೇ ನಿಮಿಷಗಳಲ್ಲಿ ನಕ್ಷತ್ರವಿದ್ದಲ್ಲಿ ಸಾಸಿವೆಯಂಥ ಚುಕ್ಕೆ. ಸಲೈನಿನಲ್ಲಿ ತೊಳೆದು ಕಾದರೆ ಮತ್ತೆ ನಕ್ಷತ್ರ ಬಿಚ್ಚಿಕೊಳ್ಳುತ್ತದೆ. ಕೋಶ ಇದ್ದ ಹಾಗೇ ಇರುತ್ತದೆ, ಓಡಾಡುವುದು ಹೊರೆ ಮಾತ್ರ.

ಹೊರುವವರು ಮೋಟಾರ್ ಪ್ರೋಟೀನುಗಳು. ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಯ ಮೇಲೆ ಡೈನೀನ್ ಒಳಕ್ಕೆ ಎಳೆಯುತ್ತದೆ, ಕೈನೆಸಿನ್ ಹೊರಕ್ಕೆ. ಹೊರೆ ಇವುಗಳ ಮೈಗೆ ತಾನಾಗಿ ಅಂಟಿಕೊಳ್ಳುತ್ತದೆಂದು ನಾನು ಬಹಳ ಕಾಲ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ತಿದ್ದಿದ್ದು ಪ್ರಯೋಗಾಲಯಗಳ ಮೂರು ತಳಿಯ ಇಲಿಗಳ ಕಥೆ: ಡೈಲ್ಯೂಟ್, ಆ್ಯಶನ್, ಲೆಡನ್. ಮೂರಕ್ಕೂ ಮಾಸಲು ಬೂದು ತುಪ್ಪಳ. ಬಣ್ಣದ ತಯಾರಿಯಲ್ಲಿ ಕೊರತೆಯಿಲ್ಲ. ಆದರೆ ಕಾಳುಗಳು ತೋಳಿನ ತುದಿಯಲ್ಲಿ ನಿಲ್ಲದೆ ಕೋಶದ ನಡುವೆ ಗುಂಪುಗೂಡಿರುತ್ತವೆ. ಡೈಲ್ಯೂಟ್‌ನಲ್ಲಿ ಕೆಟ್ಟಿರುವುದು ಹೊರುವ ಮೋಟಾರು, ಮಯೊಸಿನ್-5ಎ. ಅದು ಆ್ಯಕ್ಟಿನ್ ಎಳೆಯ ಮೇಲೆ ಹೆಜ್ಜೆಗೆ 36 ನ್ಯಾನೊಮೀಟರ್ ನಡೆಯುವ ಗಟ್ಟಿಗ. ಆ್ಯಶನ್‌ನಲ್ಲಿ ಕಾಳಿನ ಮೇಲಿನ ಗುರುತು, ರ್‍ಯಾಬ್27ಎ. ಲೆಡನ್‌ನಲ್ಲಿ ಮೋಟಾರೂ ಸರಿ, ಗುರುತೂ ಸರಿ. ಇಲ್ಲದಿರುವುದು ಮೆಲನೊಫಿಲಿನ್ ಒಂದೇ: ಒಂದು ಕಡೆ ರ್‍ಯಾಬನ್ನು, ಇನ್ನೊಂದು ಕಡೆ ಮಯೊಸಿನ್ನನ್ನು ಹಿಡಿಯುವ ಅಡಾಪ್ಟರ್ ಪ್ರೋಟೀನು.

ಓದುತ್ತಿದ್ದಂತೆ ನನಗೆ ಅಜ್ಜಿ ನೆನಪಾದಳು. ಬಾವಿಕಟ್ಟೆಯಲ್ಲಿ ತುಂಬಿದ ಕೊಡ ಕಾದಿರುತ್ತಿತ್ತು, ಹೊರಲು ತಲೆ ಗಟ್ಟಿಯಾಗಿತ್ತು. ಆದರೂ ಅವಳು ಮೊದಲು ಹಳೆ ಸೀರೆಯ ತುಂಡನ್ನು ಸುತ್ತಿ ಸುತ್ತಿ ಸಿಂಬೆ ಮಾಡುತ್ತಿದ್ದಳು, ನೆತ್ತಿಯ ಮೇಲೆ ಒತ್ತಿ ಕೂರಿಸುತ್ತಿದ್ದಳು. ಕೊಡ ಎತ್ತುವುದು ಆಮೇಲೆ.

ಮೀನಿನ ಕೋಶದಲ್ಲೂ ಡೈನೀನಿಗೆ ಡೈನಾಕ್ಟಿನ್ ಎಂಬ ಜೊತೆಗಾರ ಬೇಕು. ನನ್ನ ಮೈಕ್ರೋಸ್ಕೋಪಿಗೆ ಅದು ಕಾಣದು. ಆದರೂ ಈಗ ಅಡ್ರಿನಲಿನ್ ಬಿಟ್ಟೊಡನೆ ನಾನು ಓಟ ನೋಡುವುದಿಲ್ಲ. ತುದಿಯಲ್ಲಿ ಸುಮ್ಮನೆ ನಿಂತ ಒಂದು ಕಾಳನ್ನು ಆರಿಸಿಕೊಂಡು, ಅದು ಹೊರಡುವ ಮೊದಲಿನ ಗಳಿಗೆಯನ್ನು ಕಾಯುತ್ತೇನೆ.