ತಾತನ ಕಾರಿನ ಆಯಿಲ್

ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ತಾತನ 1982ರ ಅಂಬಾಸಿಡರ್ ಕಾರು ನಿಂತಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಅದಕ್ಕೇ ತಾತನಿಗೆ ಅದೆಂದರೆ ಪ್ರಾಣ. ಅದು ರೋಡಿಗೆ ಇಳಿಯುವುದು ಆಯುಧಪೂಜೆಗೆ ಮತ್ತು ಜಾತ್ರೆಗೆ ಮಾತ್ರ.

ತಾತನಿಗೆ ಮಂಡಿನೋವು ಬಂದ ಮೇಲೆ ಭಾನುವಾರ ಸ್ಟಾರ್ಟ್ ಮಾಡುವ ಕೆಲಸ ನನ್ನದಾಯಿತು. ಎರಡು ನಿಮಿಷ ಬುರ್ ಅನ್ನಿಸಿ ಆಫ್ ಮಾಡುತ್ತಿದ್ದೆ. ನೀವೆಲ್ಲ ನೋಡಲಿ ಅಂತ ಹಾರ್ನ್ ಬೇರೆ! "ಕಾರು ಓಡೇ ಇಲ್ವಲ್ಲ, ಆಯಿಲ್ ಯಾಕೆ ಬದಲಾಯಿಸ್ಬೇಕು?" ಅಂತ ಅಪ್ಪ ಮೂರು ವರ್ಷ ತಳ್ಳಿದರು.

ಈ ಸಲ ಹಬ್ಬಕ್ಕೆ ಮೆಕ್ಯಾನಿಕ್ ಬಂದು ಆಯಿಲ್ ಹಾಕುವ ಮುಚ್ಚಳ ತೆಗೆದರೆ, ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಲೋಳೆ! ರೇಡಿಯೇಟರ್ ನೀರು ಕಮ್ಮಿಯಾಗಿರಲಿಲ್ಲ. "ಗ್ಯಾಸ್ಕೆಟ್ ಹೋಗಿಲ್ಲ. ಯಾರಿದನ್ನ ಎರಡೆರಡು ನಿಮಿಷ ಸ್ಟಾರ್ಟ್ ಮಾಡೋದು?" ಅಂದರು. ನಾನು ಬಾಯಿ ಬಿಡಲಿಲ್ಲ.

ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಬರುತ್ತದಂತೆ. ಇಂಜಿನ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತೆ. ಕಾಯದಿದ್ದರೆ ನೀರಾಗಿ ಆಯಿಲ್‌ಗೆ ಸೇರುತ್ತೆ, ಆಮ್ಲವೂ ಆಗುತ್ತೆ (ನಮ್ಮ ವಿಜ್ಞಾನದ ಪಾಠದ ಆಮ್ಲವೇ!), ಒಳಗಿನ ಬೇರಿಂಗ್ ತಿನ್ನುತ್ತೆ. ಎಷ್ಟೇ ಕಮ್ಮಿ ಓಡಿದರೂ ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸಲೇಬೇಕು, ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆಯಾದರೂ ರೋಡಲ್ಲಿ ಓಡಿಸಬೇಕು ಅಂದರು. ಸದ್ಯ, ಬೇರಿಂಗ್ ಉಳಿದಿತ್ತು.

ರಾತ್ರಿ ತಾತನ ಹತ್ತಿರ ಹೋಗಿ, "ತಾತ, ನನ್ನಿಂದಲೇ ಆಗಿದ್ದು" ಅಂದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ನಿಮಿಷ ಸಾಕು ಅಂದಿದ್ದು ನಾನೇ ಕಣೋ" ಅಂದರು.

ಹೊಸ ಆಯಿಲ್ ಹಾಕಿದ ತಾರೀಕನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಯಾರೂ ಅಳಿಸಬೇಡಿ.